ಪರದೇಶದವರ ಮುಂದೆ ಎಲ್ಲರೂ ಆರಾಮ

ಬಾಗಿಲು ತೆರೆದವರು ಮೊದಲು ಹೇಳುವ ಮಾತು ಸುಳ್ಳು. ಹೀಗೆ ಬರೆದದ್ದಕ್ಕೆ ಯಾರಿಗಾದರೂ ಸಿಟ್ಟು ಬಂದರೆ ಬರಲಿ. ಸುಳ್ಳು ಹೇಳುವವರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಗುರುತಿಲ್ಲದವರು ಹೊಸ್ತಿಲಿಗೆ ಬಂದು ನಿಂತಾಗ ಮನೆಯ ನಿಜ ಬಿಚ್ಚಿಡುವ ರೂಢಿ ಲೋಕದಲ್ಲಿ ಎಲ್ಲಿಯೂ ಇಲ್ಲ, ಅಷ್ಟೇ. ಹೊಸದಾಗಿ ಸಮೀಕ್ಷೆ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ತಾರ್ನಾಕದ ನಮ್ಮ ಮನೆಗೆ ಬಂದು, ಚಹಾ ಕುಡಿದು, ‘ಮೇಡಮ್, ನಿಮ್ಮ ಅನುಭವ ಹೇಳ್ರಿ’ ಅನ್ನುತ್ತಾರೆ. ಬಡ್ತಿ ಬೇಗ ಸಿಗುವುದು ಹೇಗೆ ಎಂಬುದೇ ಅವರ ಮನಸ್ಸಿನಲ್ಲಿರುವ ಪ್ರಶ್ನೆ ಎಂದು ನನಗೆ ಅನುಮಾನ. ಅದರ ಗುಟ್ಟು ನನಗೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಬಾಗಿಲುಗಳ ವಿಷಯ.

ನಮ್ಮದು ಮೂಲತಃ ಸುರಪುರದ ಕಡೆಯ ಮನೆತನ. ಅಪ್ಪ ಸಿಕಂದರಾಬಾದಿನಲ್ಲಿ ರೈಲ್ವೆ ಗುಮಾಸ್ತರಾಗಿದ್ದರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ ಉರ್ದು ಎರಡೂ ಕಲಸಿದ ಮಾತು. ಇಷ್ಟು ಭಾಷೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ ನನಗೆ ಆ ಕೆಲಸ ಸಿಕ್ಕಿತು, ಬುದ್ಧಿವಂತಿಕೆಗಲ್ಲ. ಸಂಸ್ಥೆಯ ಹೆಸರು ಬೇಡ. ನಾಂಪಲ್ಲಿ ಸ್ಟೇಷನ್ನಿನ ಹತ್ತಿರ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ ಇತ್ತು. ಜನ ಹೇಗೆ ಬದುಕುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡು ಬರುವುದು ನಮ್ಮ ಕಸುಬು.

ಪ್ರಶ್ನೆಗಳು ಬಹಳ. ನೀರು ಎಲ್ಲಿಂದ ತರುತ್ತೀರಿ, ಕಕ್ಕಸು ಇದೆಯೇ, ಹುಷಾರಿಲ್ಲದಾಗ ಎಲ್ಲಿಗೆ ಹೋಗುತ್ತೀರಿ, ಮಕ್ಕಳು ಶಾಲೆಗೆ ಹೋಗುತ್ತಾರೆಯೇ. ಎಲ್ಲ ಮುಗಿದ ಮೇಲೆ ಒಂದು ಏಣಿಯ ಚಿತ್ರ ತೋರಿಸಬೇಕು. ಅದಕ್ಕೆ ಹತ್ತು ಮೆಟ್ಟಿಲು. ಎಲ್ಲಕ್ಕಿಂತ ಒಳ್ಳೆಯ ಬಾಳು ಮೇಲಿನ ಮೆಟ್ಟಿಲು, ಎಲ್ಲಕ್ಕಿಂತ ಕೆಟ್ಟದ್ದು ಕೆಳಗಿನದು, ನೀವು ಎಲ್ಲಿ ನಿಂತಿದ್ದೀರಿ ಎಂದು ಕೇಳಬೇಕು. ಇದೇ ಏಣಿಯನ್ನು ಬೇರೆ ದೇಶಗಳಲ್ಲೂ ತೋರಿಸುತ್ತಾರೆ. ಆಮೇಲೆ ಯಾವ ದೇಶದವರು ಮೇಲೆ, ಯಾವ ದೇಶದವರು ಕೆಳಗೆ ಎಂದು ಹೊಂದಿಸಿ ನೋಡುತ್ತಾರೆ. ಅದು ಪತ್ರಿಕೆಯಲ್ಲಿ ಬಂದ ದಿನ ನಮ್ಮ ಕಚೇರಿಯ ಕೆಳಗಿನ ಇರಾನಿ ಹೋಟೆಲಿನಲ್ಲಿ ಚಹಾ ಆರಿಹೋಗುವಷ್ಟು ಜಗಳ. ನಮ್ಮ ದೇಶ ಕೆಳಗಿದ್ದರೆ ಲೆಕ್ಕ ಸುಳ್ಳು, ಒಂದು ಮೆಟ್ಟಿಲು ಮೇಲೇರಿದ್ದರೆ ಲೆಕ್ಕ ಖರೆ. ನನಗೆ ಎರಡೂ ಸಲ ಅನುಮಾನವೇ.

ಅನುಮಾನಪಡುವುದನ್ನು ನನಗೆ ಕಲಿಸಿದವರು ಮೊದಲ ಮೇಲಧಿಕಾರಿ ರಂಗಾರಾವು ಗಾರು. ಕೃಶ ದೇಹ, ಬಾಯಲ್ಲಿ ಸದಾ ಅಡಿಕೆ ಚೂರು. ‘ನೋರು ಕಾದಮ್ಮಾ, ಇಲ್ಲು ಚೂಡು’ ಅನ್ನುತ್ತಿದ್ದರು. ಬಾಯಿ ಅಲ್ಲಮ್ಮ, ಮನೆ ನೋಡು ಅಂತ. ಹೊಟ್ಟೆ ತುಂಬ ಉಣ್ಣುತ್ತೇವೆ ಅಂದವರ ಒಲೆಯ ಬೂದಿ ಬೆಚ್ಚಗಿದೆಯೇ ನೋಡು, ನಮಗೇನೂ ಇಲ್ಲ ಅಂದವರ ಬಾಗಿಲ ಹೊರಗೆ ಎಷ್ಟು ಜೊತೆ ಹೊಸ ಚಪ್ಪಲಿ ಇವೆ ನೋಡು. ಹಾಗಂತ ಜನರೇನು ನಮ್ಮನ್ನು ನಂಬುತ್ತಿದ್ದರೇ? ರೇಷನ್ ಕಾರ್ಡ್ ಕಿತ್ತುಕೊಳ್ಳಲು ಬಂದವಳು, ಮನೆ ತೆರಿಗೆ ಏರಿಸಲು ಬಂದವಳು, ಮಗಳಿಗೆ ಗಂಡು ತೋರಿಸುವ ದಲ್ಲಾಳಿ, ಎಲ್ಲವೂ ಆಗಿದ್ದೇನೆ. ಒಬ್ಬ ಮುದುಕಿಯಂತೂ ನನ್ನ ಚೀಲ ಬಿಚ್ಚಿಸಿ ಕೆಳಗೆ ಸುರುವಿಸಿ, ಮಾರುವ ಸಾಮಾನು ಏನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಕೂರಲು ಚಾಪೆ ಕೊಟ್ಟಳು. ಬುದ್ಧಿವಂತೆ ಅಂದುಕೊಂಡೆ.

ಜನ ತಮ್ಮ ಬಗ್ಗೆ ಒಂದು ಮಾತು, ದೇಶದ ಬಗ್ಗೆ ಒಂದು ಮಾತು ಹೇಳುತ್ತಾರೆ ಎಂಬುದು ತಾರ್ನಾಕದ ಒಂದು ಮನೆಯಲ್ಲಿ ನನಗೆ ಮೊದಲು ತಿಳಿಯಿತು. ಅವರು ನಮ್ಮ ಕನ್ನಡದವರೇ, ಧಾರವಾಡ ಮೂಲದ ನಿವೃತ್ತ ಅಧಿಕಾರಿ. ನನ್ನನ್ನು ಕೂರಿಸಿಕೊಂಡು ಚರಂಡಿಯನ್ನು ಬೈದರು, ನಾಯಿಗಳನ್ನು ಬೈದರು, ಕರೆಂಟನ್ನು ಬೈದರು, ಮೇಲಿನ ಮನೆಯ ಬಚ್ಚಲ ನೀರು ತಮ್ಮ ದೇವರ ಕೋಣೆಗೆ ಸೋರುವುದನ್ನು ಎದ್ದು ಹೋಗಿ ತೋರಿಸಿದರು. ಏಣಿ ತೋರಿಸಿದಾಗ ನಾಲ್ಕನೇ ಮೆಟ್ಟಿಲಿನ ಮೇಲೆ ಬೆರಳಿಟ್ಟರು. ಆಮೇಲೆ ಕೇಳಿದರು:

‘ಅಲ್ರೀ, ಇದು ಎಲ್ಲಿಗೆ ಹೋಗ್ತದ?’

‘ಬೇರೆ ದೇಶದವರ ಜೋಡಿ ಹೋಲಿಸ್ತಾರ್ರೀ.’

‘ನೆರೆ ದೇಶದವರೂ ಇದರಾಗ ಅದಾರೇನು?’

‘ಇರಬಹುದ್ರೀ.’

‘ಹಂಗಾರ ಆ ನಾಲ್ಕು ಹೊಡೆದು ಹಾಕ್ರಿ. ಒಂಬತ್ತು ಬರೀರಿ.’

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು: ‘ಒಂಬತ್ತು ಯಾಕ? ಹತ್ತು ಬರೀರಿ. ದೇಶದ ಮಾತು ಬಂದಾಗ ಒಂದು ಮೆಟ್ಟಿಲಿಗೆ ಎಂಥ ಜಿಪುಣತನ! ಬರ್ದು ಆದ ಮ್ಯಾಲೆ ಒಂದು ಬಕೀಟು ಒಳಗ ಕಳಸ್ರಿ, ಮತ್ತ ಸೋರಾಕತ್ತೈತಿ.’

ನಾನು ನಕ್ಕೆ. ಅವರು ನಗಲಿಲ್ಲ. ಸೋರುವ ಛಾವಣಿ ಮನೆಯ ವಿಷಯವಾಗಿತ್ತು, ಏಣಿ ಗಡಿಯ ವಿಷಯವಾಗಿತ್ತು.

ಇದರ ತಿರುಗುಮುರುಗು ಹಳೇ ಶಹರಿನಲ್ಲಿ ನೋಡಿದೆ. ಅರಬರ ದೇಶದಲ್ಲಿ ವರ್ಷಗಟ್ಟಲೆ ದುಡಿದು ಬಂದ ಒಬ್ಬಾತ. ಅಲ್ಲಿಯ ರಸ್ತೆ ಗಾಜು, ಅಲ್ಲಿಯ ಆಸ್ಪತ್ರೆ ಅರಮನೆ, ಇಲ್ಲಿ ಏನಿದೆ ಮಣ್ಣು ಎಂದು ಒಂದೇ ಸಮನೆ ಹೇಳಿದ. ದೊಡ್ಡ ಕಾರಿಗೆ ಆತು ನಿಂತ ಫೋಟೋ ತೋರಿಸಿದ. ಕಾರು ಯಾರದು ಎಂದು ನಾನು ಕೇಳಲಿಲ್ಲ. ‘ಒಂದು ಕೋಣೆಯಲ್ಲಿ ಎಷ್ಟು ಮಂದಿ ಮಲಗುತ್ತಿದ್ದಿರಿ?’ ಎಂದು ಮಾತ್ರ ಕೇಳಿದೆ. ಅವನ ಮುಖ ಬಾಡಿತು. ‘ಯೇ ಸವಾಲ್ ಉಸ್ ಮೇ ಹೈ ಕ್ಯಾ ಬಾಜಿ?’ ಅಂದ. ಈ ಪ್ರಶ್ನೆ ಅದರಲ್ಲಿದೆಯೇ ಅಕ್ಕ, ಅಂತ. ಇರಲಿಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಬೆಟ್ಟ ಹತ್ತಿ ಮುಳ್ಳು ತುಳಿದು ಬಂದವನೂ ನುಣ್ಣಗೆ ಎಂದೇ ಹೇಳುತ್ತಾನೆ ಎಂಬುದು ಗಾದೆ ಮಾಡಿದವರಿಗೆ ತಿಳಿದಿರಲಿಲ್ಲ.

ಆಮೇಲೆ ಕಾಗದ ಹೋಗಿ ಟ್ಯಾಬ್ ಬಂತು. ತೆಲಂಗಾಣ ಬೇರೆಯಾದ ಹೊತ್ತಿಗೆ ನಮ್ಮ ಹುಡುಗರೆಲ್ಲ ಬೆರಳಿನಿಂದ ಒತ್ತಿ ಉತ್ತರ ತುಂಬುತ್ತಿದ್ದರು. ಕೆಲಸ ಚುರುಕಾಯಿತು, ನಿಜ. ಸುಳ್ಳೂ ಚುರುಕಾಯಿತು. ಒಬ್ಬ ಹುಡುಗ ಬಸ್ ಸ್ಟಾಪಿನಲ್ಲಿ ಕೂತು ಇಡೀ ಗಲ್ಲಿಯನ್ನು ತುಂಬಿ ಕಳಿಸಿದ, ಎಲ್ಲ ಮನೆಯವರೂ ಏಳನೇ ಮೆಟ್ಟಿಲು. ‘ಅಷ್ಟು ಜನ ಒಂದೇ ಮೆಟ್ಟಿಲ ಮ್ಯಾಲೆ ನಿಂತ್ರ ಏಣಿ ಮುರೀತದಪ್ಪ’ ಎಂದು ಅವನನ್ನು ಎಬ್ಬಿಸಿಕೊಂಡು ಹೋಗಿ ಮತ್ತೆ ಮನೆ ಹತ್ತಿಸಿದೆ. ಇದಕ್ಕಾಗಿಯೇ ನಮ್ಮಲ್ಲಿ ಮರುಭೇಟಿ ಎಂಬುದು ಇತ್ತು. ಮೇಲ್ವಿಚಾರಕಿಯಾದ ನಾನು ಕೆಲವು ಮನೆಗಳಿಗೆ ಆಮೇಲೆ ಒಬ್ಬಳೇ ಹೋಗಿ, ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ ತಾಳೆ ನೋಡುವುದು. ಹುಡುಗರಿಗೆ ಅದು ಬೇಡದ ಕೆಲಸ. ನನಗೆ ಅದೇ ಕೆಲಸ, ಉಳಿದದ್ದೆಲ್ಲ ತಿರುಗಾಟ.

ಶರಣಮ್ಮ ಎಂಬಾಕೆಯನ್ನು ಎರಡನೇ ಸಲ ಕಂಡದ್ದು ಅಂಥ ಒಂದು ಮರುಭೇಟಿಯಲ್ಲಿ. ಮೊದಲನೇ ಸಲ ಕಂಡದ್ದು ಒಂದು ಜಾತ್ರೆಯಲ್ಲಿ ಎನ್ನಬೇಕು, ಅಷ್ಟು ಸಡಗರ ಮಾಡಿದ್ದರು.

ಯುರೋಪಿನ ಉತ್ತರದ, ಏಣಿಯ ಮೇಲೆ ಯಾವಾಗಲೂ ಎತ್ತರದಲ್ಲಿರುವ ಒಂದು ಚಿಕ್ಕ ದೇಶದಿಂದ ಇಂಗ್ರಿಡ್ ಎಂಬ ತಜ್ಞೆ ಬಂದಿದ್ದರು. ಬೇರೆ ಬೇರೆ ದೇಶಗಳ ಕೂಲಿಕಾರರ ಬಸ್ತಿಗಳನ್ನು ಹೋಲಿಸುವುದು ಅವರ ಕೆಲಸ. ಅದರ ಜೊತೆಗೆ ಇನ್ನೊಂದು ಇತ್ತು. ನಾವು ತೋರಿಸಿದ ಬಸ್ತಿಗಳಲ್ಲಿ ನೀರಿನ ಕಷ್ಟ ಎಲ್ಲಿ ಹೆಚ್ಚೋ ಅಲ್ಲಿಗೆ ಅವರ ಸಂಸ್ಥೆ ನಲ್ಲಿ ಹಾಕಿಸಿಕೊಡುವುದಿತ್ತು. ಈ ವಿಷಯವನ್ನು ಬಸ್ತಿಯವರಿಗೆ ಹೇಳಕೂಡದೆಂದು ಕಟ್ಟಪ್ಪಣೆ. ಹೇಳಿದರೆ ಎಲ್ಲರೂ ಕಷ್ಟ ಕಷ್ಟ ಎಂದು ಬಾಯಿ ಬಡಿದುಕೊಳ್ಳುತ್ತಾರೆ ಎಂಬ ಅನುಮಾನ. ಆ ಅನುಮಾನ ನನಗೂ ಸರಿಯೆನಿಸಿತ್ತು.

ಶಹರಿನ ಪಶ್ಚಿಮದ ಅಂಚಿನಲ್ಲಿ, ಹೊಸ ಎತ್ತರದ ಕಟ್ಟಡಗಳ ಹಿಂದಿನ ದಿಬ್ಬದ ಮೇಲೆ ತಗಡಿನ ಮನೆಗಳ ಒಂದು ಬಸ್ತಿ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಅವರನ್ನು ಊರಿನಿಂದ ಕರೆತಂದ ಮೇಸ್ತ್ರಿ ಹನಮಂತಪ್ಪನೇ ಅಲ್ಲಿಗೆ ಯಜಮಾನ. ಪರದೇಶದವರು ಬರುತ್ತಾರೆಂದು ಅವನು ಟೆಂಟ್ ಹೌಸಿನಿಂದ ಬಾಡಿಗೆ ಕುರ್ಚಿ ತರಿಸಿದ್ದ. ಮಕ್ಕಳಿಗೆ ಸ್ನಾನ ಮಾಡಿಸಿ ತಲೆ ಬಾಚಿಸಿದ್ದ. ಅಂಗಳಕ್ಕೆಲ್ಲ ನೀರು ಚಿಮುಕಿಸಿ ರಂಗೋಲಿ ಹಾಕಿಸಿದ್ದ. ಪ್ರತಿ ಬಾಗಿಲಲ್ಲೂ ತುಂಬಿದ ಕೊಡ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ. ಟ್ಯಾಂಕರ್ ನೀರಿನ ಬಸ್ತಿಯಲ್ಲಿ ಅಂಗಳಕ್ಕೆ ಚೆಲ್ಲುವಷ್ಟು ನೀರು ಎಲ್ಲಿಂದ ಬಂತು ಎಂದು ನನ್ನ ತಲೆಯಲ್ಲಿ ಹುಳ ಹೊಕ್ಕಿತು.

ನಾವು ಶರಣಮ್ಮನ ಮನೆಯ ಮುಂದೆ ಕೂತೆವು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಗಂಡ ಕೆಲಸಕ್ಕೆ ಹೋಗಿದ್ದ, ಸಣ್ಣ ಮಗಳು ಸೆರಗು ಹಿಡಿದು ನಿಂತಿದ್ದಳು. ಬಂದವರಿಗೆ ನೀರು ಕೊಡಬೇಕಲ್ಲ, ಪಕ್ಕದ ಬಾಗಿಲಿನಿಂದ ತುಂಬಿದ ಕೊಡವನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ನಗುತ್ತಾ ಬಂದಳು. ಇಳಿಸುವಾಗ ಒಂದು ಕೈ ಹೊಟ್ಟೆಯ ಕೆಳಗೆ ಹೋಯಿತು. ತಕ್ಷಣ ತೆಗೆದಳು.

ಇಂಗ್ರಿಡ್ ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಕೇಳಿದೆ. ಶರಣಮ್ಮ ಅಂದಳು: ‘ನಮಗೇನ್ ಕಡಿಮಿ ಐತ್ರಿ? ನೀರು ಬರ್ತೈತಿ, ಕರೆಂಟ್ ಐತಿ, ದುಡಿಯಾಕ ಕೆಲಸ ಐತಿ. ನಮ್ಮ ದೇಶದಾಗ ಏನೂ ಕೊರತಿ ಇಲ್ಲಂತ ಹೇಳ್ರಿ ಅವರಿಗೆ.’ ಏಣಿಯ ಒಂಬತ್ತನೇ ಮೆಟ್ಟಿಲಿಗೆ ಬೆರಳಿಟ್ಟು ಹನಮಂತಪ್ಪನ ಕಡೆ ನೋಡಿದಳು. ಅವನು ತಲೆಯಾಡಿಸಿದ.

ಹಿಂದಿರುಗುವಾಗ ಕಾರಿನಲ್ಲಿ, ಜೊತೆಗೇ ಬಂದಿದ್ದ ನಮ್ಮ ನಿರ್ದೇಶಕ ಚಕ್ರಪಾಣಿ ಸಾಹೇಬರಿಗೆ ಹಿಗ್ಗು ತಡೆಯಲಾಗಲಿಲ್ಲ. ‘ನೋಡಿದಿರಾ ಮೇಡಮ್, ಸಂತೃಪ್ತಿ ನಮ್ಮ ರಕ್ತದಲ್ಲಿದೆ. ನಿಮ್ಮಲ್ಲಿ ಎಲ್ಲ ಇದೆ, ಆದರೂ ನಿದ್ದೆಗೆ ಗುಳಿಗೆ ಬೇಕು’ ಅಂದರು. ಇಂಗ್ರಿಡ್ ಮುಗುಳ್ನಕ್ಕು, ‘ನಿಮ್ಮ ಹೆಂಗಸರು ಎಷ್ಟು ಗಟ್ಟಿ! ಅಷ್ಟು ದೊಡ್ಡ ಕೊಡವನ್ನು ಹೂವಿನಂತೆ ಹೊತ್ತಳು’ ಅಂದರು. ಹೀಗೆ ಇಬ್ಬರು ಓದಿದವರು ಸೇರಿ, ಒಬ್ಬರು ಅಭಿಮಾನದಿಂದ, ಒಬ್ಬರು ಮೆಚ್ಚುಗೆಯಿಂದ, ಆ ಬಸ್ತಿಯ ನಲ್ಲಿಯನ್ನು ಕಾರಿನಲ್ಲೇ ಕಿತ್ತುಹಾಕಿದರು. ಅಲ್ಲ ಎನ್ನಬೇಕೆನಿಸಿತು. ಆದರೆ ಸಾಕ್ಷಿ ಏನಿದೆ? ಹೊಟ್ಟೆಯ ಕೆಳಗೆ ಹೋದ ಒಂದು ಕೈ.

ಮರುಭೇಟಿಗೆ ಒಬ್ಬಳೇ ಹೋದೆ. ಟೆಂಟ್ ಹೌಸಿನ ಕುರ್ಚಿಗಳು ಇರಲಿಲ್ಲ. ಕೊಡಗಳು ಬೋರಲು ಬಿದ್ದಿದ್ದವು. ಹನಮಂತಪ್ಪ ಸೈಟಿಗೆ ಹೋಗಿದ್ದ. ಶರಣಮ್ಮ ಬಾಗಿಲಲ್ಲೇ ತಡೆದಳು.

‘ಅವತ್ತ ಎಲ್ಲಾ ಹೇಳೀನಲ್ರಿ. ಮತ್ತ್ಯಾಕ ಬಂದೀರಿ?’

‘ಇನ್ನೊಮ್ಮೆ ಕೇಳಾಕ ಬಂದೀನವ್ವಾ. ಇದ್ದದ್ದು ಹೇಳಿದ್ರ ಒಳ್ಳೇದಾದೀತು.’

‘ಒಳ್ಳೇದಾಗ್ತೈತಿ ಅಂತ ಎಷ್ಟು ಮಂದಿ ಬಂದು ಬರ್ಕೊಂಡು ಹೋಗ್ಯಾರ್ರಿ! ಬರ್ಕೊಂಡ ಮ್ಯಾಲೆ ಗುಡಿಸಲಾ ಕಿತ್ತಿಸ್ಯಾರ. ನಾವು ಆರಾಮ ಅದೀವ್ರಿ, ನೀವು ಹೋಗ್ರಿ.’

ಕುಂಬಳಕಾಯಿ ಕಳ್ಳನ ಹಾಗೆ ನಾನೇ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಯಿತು. ತಿರುಗಿ ಹೊರಡುವಾಗ ಅವಳೇ ಕೇಳಿದಳು:

‘ನಿಮ್ದು ಯಾವೂರ್ರೀ? ಮಾತು ನಮ್ಮ ಕಡೀವು ಇದ್ದಂಗ ಅದಾವ.’

‘ನಮ್ಮ ಹಿರಿಯರು ಸುರಪುರದವರು.’

‘ಖರೇನ? ನನ್ನ ತವರು ಅಲ್ಲೇ ಮಗ್ಗಲ ಹಳ್ಳಿರಿ! ಸಂತಿಗೆ ಸುರಪುರಕ್ಕ ಬರ್ತಿದ್ವಿ, ನಮ್ಮವ್ವ ತನ್ನ ಹೆಗಲ ಮ್ಯಾಲೆ ನನ್ನ ಕುಂದ್ರಿಸಿಕೊಂಡು.’ ಅವಳ ಮುಖವೇ ಬೇರೆಯಾಯಿತು. ‘ಅಯ್ಯ ಶಿವನ, ಹಂಗಾರ ನೀ ನಮ್ಮ ತವರಿನಾಕಿ. ಬಿಸಲಾಗ ಯಾಕ ನಿಂತಿ, ಒಳಗ ಬಾ ಅಕ್ಕಾ.’

ಹೊರಗಿನವರ ಮುಂದೆ ಆರಾಮ ಅನ್ನಬೇಕು, ತವರಿನವರ ಮುಂದೆ ಅಳಬಹುದು. ನಮ್ಮ ಕಡೆಯ ಹೆಣ್ಣುಮಕ್ಕಳು ಮಾತು ಕಲಿಯುವಾಗಲೇ ಇದನ್ನು ಕಲಿಯುತ್ತಾರೆ. ಒಳಗೆ ಕೂರಿಸಿ ಅರ್ಧ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ಆಮೇಲೆ ಹೇಳಿದಳು.

‘ಗರ್ಭಚೀಲ ತಗದಾರ ಅಕ್ಕಾ. ಭಾರ ಎತ್ತಬ್ಯಾಡ, ಎತ್ತಿದ್ರ ಒಳಗಿನ ಹೊಲಿಗಿ ಬಿಚ್ಚತಾವ ಅಂದಾರ ದವಾಖಾನ್ಯಾಗ. ಎತ್ತದಿದ್ರ ನೀರು ಯಾರ್ ತರ್ತಾರ? ನಮ್ಮನಿಯವರು ನಸುಕಿನ್ಯಾಗ ಕೆಲಸಕ್ಕ ಹೋಗ್ತಾರ. ಟ್ಯಾಂಕರ್ ಬರೂದು ಮಧ್ಯಾಹ್ನ, ನಿಲ್ಲೂದು ಕೆಳಗ ರಸ್ತಾದಾಗ. ದಿಬ್ಬ ಹತ್ತಬೇಕು. ಒಮ್ಮೆ ರಕ್ತ ಹೋತು, ಯಾರಿಗೂ ಹೇಳಿಲ್ಲ.’

‘ಮತ್ತ ಆ ಅಮ್ಮನ ಮುಂದ ಯಾಕ ಹೇಳಲಿಲ್ಲ?’

‘ಮೇಸ್ತ್ರಿ ಹೇಳಿದ್ದ. ಪರದೇಶದವರು ನಮ್ಮ ಬಡತನದ ಫೋಟೋ ಹೊಡ್ಕೊಂಡು ಹೋಗಿ ಅಲ್ಲಿ ಕುಂತು ನಗ್ತಾರ, ಭಾರತದ ಮಾನ ಹೋಗ್ತೈತಿ ಅಂದ. ಎರಡು ದಿನದ ನೀರು ಅಂಗಳಕ್ಕ ಹೊಡಿಸಿದ. ಖರೇ ಹೇಳ್ಬೇಕಂದ್ರ ನನಗೂ ಹಂಗ ಅನಿಸ್ತು. ಆಕಿ ಮುಂದ ನಾವ್ಯಾಕ ಸಣ್ಣವರಾಗಬೇಕು?’ ಆಮೇಲೆ ಅಂದಳು: ‘ಆದ್ರ ದೇಶದ ಮಾನಕ್ಕ ಕುಂದ್ರಾಕ ಬ್ಯಾರೆ ಜಾಗ ಸಿಗಲಿಲ್ಲೇನ ಅಕ್ಕಾ? ನನ್ನ ಹೊಟ್ಟಿ ಮ್ಯಾಲೇ ಬಂದು ಯಾಕ ಕುಂತೈತಿ?’

ನಾನು ಟ್ಯಾಬ್ ತೆಗೆಯಲು ಚೀಲಕ್ಕೆ ಕೈ ಹಾಕಿದೆ. ಅವಳು ಆ ಕೈ ಹಿಡಿದಳು. ‘ಬರಿಬ್ಯಾಡ. ಅಕ್ಕಾ ಅಂತ ಹೇಳೀನಿ. ಮೇಸ್ತ್ರಿಗೆ ತಿಳಿದ್ರ ನಮ್ಮನಿಯವರಿಗೆ ಕೆಲಸ ಕೊಡೂದಿಲ್ಲ. ತವರಿನ ಆಣಿ, ಬರಿಯೂದಿಲ್ಲಂತ ಹೇಳು.’ ಹೇಳಿದೆ. ಬೇರೇನು ಹೇಳಲಿ? ಬಾಗಿಲಲ್ಲಿ ನಿಂತ ಮೇಡಮ್‌ಗೆ ಅವಳು ನಿಜ ಹೇಳಲಿಲ್ಲ. ಅಕ್ಕನಿಗೆ ಹೇಳಿದಳು, ಅಕ್ಕ ಬರೆಯುವಂತಿಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ಇಂಥ ಇಕ್ಕಟ್ಟಿಗೆ ನಾನು ಸಿಕ್ಕಿರಲಿಲ್ಲ.

ಚಕ್ರಪಾಣಿ ಸಾಹೇಬರ ಬಳಿ ಹೋಗಿ, ಆ ಬಸ್ತಿಯ ಉತ್ತರಗಳ ಮೇಲೆ ನನಗೆ ಅನುಮಾನವಿದೆ ಎಂದಷ್ಟೇ ಹೇಳಿದೆ. ‘ನಿಮಗೆ ಯಾವುದರ ಮೇಲೆ ಅನುಮಾನ ಇಲ್ಲ ಹೇಳ್ರಿ ವಿಮಲಾ ಬಾಯಿ! ಜನ ಸುಖವಾಗಿದ್ದೇವೆ ಅಂದರೂ ನಿಮಗೆ ಹೊಟ್ಟೆನೋವು’ ಎಂದು ನಕ್ಕರು. ನಲ್ಲಿಗಾಗಿ ಬೇರೆ ಬಸ್ತಿಯೊಂದನ್ನು ಆರಿಸುವುದಕ್ಕೆ ಸಿದ್ಧತೆ ನಡೆದಿತ್ತು, ಇಂಗ್ರಿಡ್ ಆ ವಾರವೇ ಹೊರಡುವವರಿದ್ದರು. ನಾನು ಬರೆಯಲಿಲ್ಲ. ಆಣೆ ಮುರಿಯಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಯಾರಿಗೂ ತಿಳಿಸದೆ, ಇಂಗ್ರಿಡ್ ಅವರನ್ನು ಟ್ಯಾಂಕರ್ ಬರುವ ಹೊತ್ತಿಗೆ ಆ ದಿಬ್ಬದ ಕೆಳಗೆ ಕರೆದುಕೊಂಡು ಹೋದೆ.

ದಾರಿಯಲ್ಲಿ ಅವರನ್ನು ಕೇಳಿದೆ, ನಿಮ್ಮ ದೇಶದವರು ನಿಜವಾಗಿಯೂ ಅಷ್ಟು ಸುಖಿಗಳೇ? ‘ನನ್ನ ಸಂಸಾರ ಮುರಿದ ವರ್ಷ ನನಗೂ ಏಣಿ ತೋರಿಸಿದರು. ನಾನು ಎಂಟು ಅಂದೆ. ಇಷ್ಟೆಲ್ಲ ಇರುವ ದೇಶದಲ್ಲಿ ಹುಟ್ಟಿ ನಾಲ್ಕು ಅನ್ನುವುದಕ್ಕೆ ನಾಚಿಕೆಯಾಯಿತು’ ಅಂದರು. ಅಂದರೆ ಅಲ್ಲಿಯೂ ಟೆಂಟ್ ಹೌಸಿನ ಕುರ್ಚಿಗಳೇ. ಆ ಮಾತು ಕೇಳಿದ ಮೇಲೆ ನನಗೆ ಅವರ ಮೇಲೆ ಮೊದಲ ಬಾರಿಗೆ ನಂಬಿಕೆ ಬಂತು.

ಟ್ಯಾಂಕರ್ ಬಂತು. ಹೆಂಗಸರು ಕೊಡ ಹಿಡಿದು ಓಡಿದರು, ನೂಕಾಟ, ಬೈಗುಳ, ಪೈಪಿಗೆ ಜಗ್ಗಾಟ. ಶರಣಮ್ಮ ಕೊಡ ತುಂಬಿಸಿಕೊಂಡು ಸೊಂಟಕ್ಕೆ ಇಟ್ಟುಕೊಂಡು ಬಗ್ಗಿ ಬಗ್ಗಿ ಎರಡು ಹೆಜ್ಜೆ ಹಾಕಿದಳು. ಆಗ ಇಂಗ್ರಿಡ್ ಅವರನ್ನು ಕಂಡಳು. ಅವರ ಪಕ್ಕದಲ್ಲಿ ನನ್ನನ್ನು ಕಂಡಳು. ನೆಟ್ಟಗೆ ನಿಂತಳು. ಕೊಡವನ್ನು ಎತ್ತಿ ತಲೆಯ ಮೇಲಿಟ್ಟುಕೊಂಡಳು. ನಕ್ಕಳು. ನಗುತ್ತಾ ದಿಬ್ಬ ಹತ್ತತೊಡಗಿದಳು.

‘ಶರಣಮ್ಮಾ, ಇಳಸ! ಇಳಸವ್ವಾ!’ ಎಂದು ಕೂಗಿದೆ. ಕೇಳದವಳಂತೆ ನಡೆದಳು. ಅರ್ಧ ದಿಬ್ಬದಲ್ಲಿ ತಡವರಿಸಿ ನಿಂತಳು. ಕೊಡ ಬೀಳದಂತೆ ಹೇಗೋ ನೆಲಕ್ಕಿಟ್ಟು, ಹೊಟ್ಟೆ ಹಿಡಿದು ಅಲ್ಲೇ ಕೂತಳು. ಮುಖ ಬಿಳಿಚಿತ್ತು. ಇಂಗ್ರಿಡ್ ಓಡಿ ಹೋಗಿ ಕೊಡ ಎತ್ತಲು ನೋಡಿದರು. ಆಗಲಿಲ್ಲ. ಎರಡೂ ಕೈ ಹಾಕಿ ಮತ್ತೆ ಎಳೆದರು, ನೆಲದಿಂದ ಒಂದು ಗೇಣು ಎದ್ದು ಮತ್ತೆ ಕೂತಿತು. ‘ಇಷ್ಟು ಭಾರವೇ?’ ಎಂದು ನನ್ನ ಮುಖ ನೋಡಿದರು. ಅವರಿಗೆ ನಾನು ಏನೂ ಹೇಳಬೇಕಾಗಲಿಲ್ಲ.

ನಾನೊಂದು ಕಡೆ, ಅವರೊಂದು ಕಡೆ ಕೊಡ ಹಿಡಿದು ದಿಬ್ಬ ಹತ್ತಿಸಿದೆವು. ಹೆಂಗಸರೆಲ್ಲ ಜಗಳ ಬಿಟ್ಟು ಬಾಯಿಗೆ ಸೆರಗು ಒತ್ತಿ ನಿಂತರು. ಯಾರೋ ಫೋನ್ ಮಾಡಿ ಕರೆಸಿದ ಹನಮಂತಪ್ಪ ಓಡುತ್ತಾ ಬಂದ. ‘ಪರದೇಶದವರ ಕಡಿಂದ ನೀರು ಹೊರಿಸಿದ್ರಲ್ಲ! ಮರ್ಯಾದಿ ಮಣ್ಣುಪಾಲಾತು!’ ಎಂದು ಅರಚಿದ. ನೆರೆಯ ಹೆಂಗಸರು ಹಿಡಿದುಕೊಂಡು ಶರಣಮ್ಮನನ್ನು ಮನೆಗೆ ತಂದರು. ಅವಳು ಅಳುತ್ತಿದ್ದಳು. ನೋವಿಗೆ ಎಂದುಕೊಂಡು ಹತ್ತಿರ ಹೋಗಿ ಕೈ ಹಿಡಿದೆ. ಕೈ ಕೊಸರಿಕೊಂಡಳು.

‘ಬಂದ ಅತಿಥಿ ಕಡಿಂದ ನನ್ನ ಮನಿಗೆ ನೀರು ಹೊರಿಸಿದಿ. ಆಣಿ ಮಾಡಿದ್ದಿ ನನಗ. ನೀ ತವರಿನಾಕಿ ಅಲ್ಲ.’

ಬರೆದಿಲ್ಲವ್ವಾ ಎಂದು ಹೇಳಲು ಬಾಯಿ ತೆರೆದೆ. ಆ ಮಾತು ನನಗೇ ವಕೀಲರ ಮಾತಿನಂತೆ ಕೇಳಿಸಿತು, ನುಂಗಿಕೊಂಡೆ. ಇಂಗ್ರಿಡ್ ಅವರ ಕಾರಿನಲ್ಲೇ ಅವಳನ್ನು ಆಸ್ಪತ್ರೆಗೆ ಕಳಿಸಿದೆವು. ನಾನೂ ಹತ್ತಲು ಹೋದೆ, ಅವಳು ಮುಖ ತಿರುಗಿಸಿದಳು. ನೆರೆಯವಳು ಹೋದಳು.

ಕಚೇರಿಯಲ್ಲಿ ಚಕ್ರಪಾಣಿ ಸಾಹೇಬರು ದೇಶದ ಹೆಸರು ಕೆಡಿಸಿದಿರಿ ಎಂದು ಎಲ್ಲರೆದುರು ಬೈದರು. ಬೈಸಿಕೊಂಡೆ. ಇಂಗ್ರಿಡ್ ತಮ್ಮ ಕಣ್ಣಾರೆ ಕಂಡದ್ದನ್ನು ಬರೆದರು, ಶರಣಮ್ಮನ ಹೆಸರಾಗಲಿ ಅವಳ ಕಾಯಿಲೆಯಾಗಲಿ ಅದರಲ್ಲಿ ಇರಲಿಲ್ಲ. ಆ ಬಸ್ತಿಗೇ ನಲ್ಲಿ ಮಂಜೂರಾಯಿತು. ಹನಮಂತಪ್ಪ ಶರಣಮ್ಮನ ಗಂಡನ ಕೆಲಸ ಕಿತ್ತುಕೊಳ್ಳಲಿಲ್ಲ. ನಲ್ಲಿ ತರಿಸಿದವನು ತಾನೇ ಎಂದು ಊರ ತುಂಬ ಹೇಳಿಕೊಂಡು ತಿರುಗುವಾಗ ಅವನಿಗೆ ಅದೆಲ್ಲ ಎಲ್ಲಿ ನೆನಪಿರಬೇಕು!

ಹುಡುಗರೇ, ಹುಡುಗಿಯರೇ, ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ಮತ್ತೆ ಅಂಥ ಸಂದರ್ಭ ಬಂದರೆ ಹಾಗೇ ಮಾಡುತ್ತೀರಾ? ಮಾಡುತ್ತೇನೆ. ಆಣೆ ದೊಡ್ಡದೋ ಹೊಟ್ಟೆ ದೊಡ್ಡದೋ ಎಂದು ನನ್ನನ್ನು ಕೇಳಿದರೆ ಹೊಟ್ಟೆಯೇ ಅನ್ನುತ್ತೇನೆ. ಆದರೆ ಅದಕ್ಕೆ ನಾವು ಏನು ತೆರಬೇಕಾಗುತ್ತದೆ ಎಂಬುದನ್ನು ತರಬೇತಿಯಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ಇದನ್ನು ಬರೆದದ್ದು.

ನಿವೃತ್ತಿಗೆ ಸ್ವಲ್ಪ ಮೊದಲು ಆ ಕಡೆ ಕೆಲಸವಿತ್ತು, ಮನಸ್ಸು ತಡೆಯದೆ ಬಸ್ತಿಗೆ ಹೋದೆ. ಮನೆಯ ಮುಂದೆಯೇ ನಲ್ಲಿ. ಶರಣಮ್ಮ ಕೂತು ಪಾತ್ರೆ ತೊಳೆಯುತ್ತಿದ್ದಳು, ಮಗಳು ಪಕ್ಕದಲ್ಲಿ ನೀರಾಟ ಆಡುತ್ತಿದ್ದಳು. ಶರಣಮ್ಮ ಮೈ ತುಂಬಿಕೊಂಡಿದ್ದಳು ಅನ್ನಿಸಿತು, ಅಥವಾ ನನಗೆ ಹಾಗೆ ಅನ್ನಿಸಬೇಕಿತ್ತೋ ಏನೋ. ನನ್ನನ್ನು ಕಂಡು ಎದ್ದು, ಸೆರಗು ಸರಿಮಾಡಿಕೊಂಡು, ಒಳಗಿನಿಂದ ಸ್ಟೂಲು ತಂದು ಅಂಗಳದಲ್ಲಿಟ್ಟಳು.

‘ಬೈಠಿಯೇ ಮೇಡಮ್.’

ಹಿಂದಿಯಲ್ಲಿ. ಕಟ್ಟಡದ ಎಂಜಿನಿಯರ್ ಜೊತೆ, ಅಂಗಡಿಯವನ ಜೊತೆ, ಪೊಲೀಸಿನವನ ಜೊತೆ ಮಾತಾಡುವ ಹಿಂದಿಯಲ್ಲಿ.

‘ಹೊಟ್ಟಿ ನೋವು ಈಗ ಹೆಂಗೈತಿ ಶರಣಮ್ಮಾ?’ ಎಂದು ಕೇಳಿದೆ.

‘ಸಬ್ ಠೀಕ್ ಹೈ ಮೇಡಮ್’ ಅಂದಳು, ಚೆನ್ನಾಗಿ ನಗುತ್ತಾ.

ಅದು ನಿಜವೋ, ಬಾಗಿಲಿಗೆ ಬಂದವರಿಗೆ ಹೇಳುವ ಮಾತೋ, ತಿಳಿಯಲಿಲ್ಲ. ಇನ್ನೊಮ್ಮೆ ಕೇಳುವ ಹಕ್ಕು ನನಗಿರಲಿಲ್ಲ.